ಅಪ್ಪನ ಖಾತೆಯಲ್ಲಿ 28 ದಿನ

ನಮ್ಮೂರು ಬ್ಯಾಡಗಿ ಹತ್ತಿರ. ನಾನಿರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ತಮ್ಮ 2025ರಲ್ಲಿ ಎಂಎಸ್‌ಸಿ ಓದಲು ಇಂಗ್ಲೆಂಡಿಗೆ ಹೋದ. ಅವನ ವೀಸಾಕ್ಕೆ ದುಡ್ಡಿನ ಕಾಗದಗಳನ್ನೆಲ್ಲ ಜೋಡಿಸಿದವಳು ನಾನು. "ಎಂಟೆಕರೆ ಎರಿ ಹೊಲ ಐತಿ, ಮನಿ ಐತಿ, ನಿಮ್ಮವ್ವನ ಬಂಗಾರ ಐತಿ. ಇನ್ನೇನ್ ಬೇಕಂತ ಅವರಿಗೆ?" ಎಂದು ಅಪ್ಪ ಕೇಳಿದ್ದ. ಹೊಲ, ಮನೆ, ಬಂಗಾರ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಪಿಎಫ್, ಷೇರು ಕೂಡ ಇಲ್ಲ. ಬ್ಯಾಂಕಿನಲ್ಲಿ, ಸರಿಯಾದವರ ಹೆಸರಿನಲ್ಲಿ, ಹೇಳಿದಷ್ಟು ದಿನ ಅಲುಗಾಡದೆ ಕೂತ ದುಡ್ಡು ಮಾತ್ರ ಲೆಕ್ಕ. ದುಡ್ಡು ಇದ್ದೂ ವೀಸಾ ತಪ್ಪಿಸಿಕೊಳ್ಳಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಷ್ಟು ಬೇಕು ನೋಡಿ. ಸೀಟು ಖಚಿತ ಅಂತ ಕಾಲೇಜಿನವರು ಕೊಡುವ ಕ್ಯಾಸ್ (CAS) ಪತ್ರದಲ್ಲಿ ಮೊದಲ ವರ್ಷದ ಫೀ ಎಷ್ಟು, ನೀವು ಕಟ್ಟಿದ್ದು ಎಷ್ಟು ಅಂತ ಇರುತ್ತದೆ. ಕಟ್ಟದೆ ಉಳಿದ ಫೀ ಪೂರ್ತಿ ತೋರಿಸಬೇಕು. ಅದರ ಮೇಲೆ ಅಲ್ಲಿ ಇರುವ ಖರ್ಚು. 2025ರ ನವೆಂಬರ್ 11ರಿಂದ ಅದು ಲಂಡನ್ನಿನಲ್ಲಾದರೆ ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗಾದರೆ 1,171 ಪೌಂಡ್. ಕೋರ್ಸ್ ವರ್ಷದ್ದಾದರೂ 9 ತಿಂಗಳದ್ದು ತೋರಿಸಿದರೆ ಸಾಕು. ಲಂಡನ್ ಹೊರಗೆ ಓದುವವರಿಗೆ 10,539 ಪೌಂಡ್ ಆಯಿತು. ಪೌಂಡಿಗೆ 120 ರೂಪಾಯಿ ಹಿಡಿದರೆ 12 ಲಕ್ಷ 65 ಸಾವಿರದ ಹತ್ತಿರ. ತಮ್ಮ ಅರ್ಜಿ ಹಾಕುವಾಗ ತಿಂಗಳಿಗೆ 1,136 ಇತ್ತು, ನಮಗೆ 10,224 ಪೌಂಡ್ ಬಂತು. ರೂಪಾಯಿಯನ್ನು ವೀಸಾ ಕಚೇರಿಯವರು ಓಆಂಡಾ ವೆಬ್‌ಸೈಟಿನ ದರದಲ್ಲಿ ಪೌಂಡಿಗೆ ತಿರುಗಿಸಿ ನೋಡುತ್ತಾರೆ. ದರ ದಿನಾ ಏರಿಳಿಯುತ್ತದೆ. ಅದಕ್ಕೇ ಒಂದು ಲಕ್ಷವಾದರೂ ಜಾಸ್ತಿ ಇಡಿ.

ಮುಂದಿನದು ಹೆಸರು. ನನ್ನ ಸಂಬಳದ ಖಾತೆಯಲ್ಲಿ 4 ಲಕ್ಷ ಇತ್ತು. ತಮ್ಮನಿಗಾಗಿಯೇ ಕೂಡಿಟ್ಟದ್ದು. ಆದರೆ ಅಕ್ಕನ ಖಾತೆ ನಡೆಯುವುದಿಲ್ಲ. ಅಣ್ಣ, ಕಾಕಾ, ಸೋದರಮಾವ ಯಾರದ್ದೂ ನಡೆಯುವುದಿಲ್ಲ. ವಿದ್ಯಾರ್ಥಿಯದು, ತಂದೆ ತಾಯಿಯದು ಅಥವಾ ಕಾನೂನುಬದ್ಧ ಪಾಲಕರದು ಆಗಬೇಕು. ನನ್ನ ದುಡ್ಡನ್ನು ಅಪ್ಪನ ಖಾತೆಗೆ ಕಳಿಸಿದೆ. ಅಪ್ಪನ ಇನ್ನೊಂದಿಷ್ಟು ದುಡ್ಡು ಊರಿನ ಸೌಹಾರ್ದ ಸೊಸೈಟಿಯಲ್ಲಿ ಠೇವಣಿ ಇತ್ತು. ಸೊಸೈಟಿ ನಮಗೆ ಬ್ಯಾಂಕಿನ ಹಾಗೇ ಕಾಣುತ್ತದೆ, ಆದರೆ ಅದು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ. ಅಲ್ಲಿಯ ರಸೀದಿ ನಂಬಿಕೊಂಡು ಅರ್ಜಿ ಹಾಕಬೇಡಿ. ನಾವು ಆ ಠೇವಣಿ ಮುರಿಸಿ ಬ್ಯಾಂಕಿಗೆ ತಂದೆವು. ಉಳಿದದ್ದು ಮೆಣಸಿನಕಾಯಿದು. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದ ಚೀಲಗಳನ್ನು ಮೇ ತಿಂಗಳಲ್ಲಿ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮಾರಿದ್ದು. ದಲಾಲಿ ಅಂಗಡಿಯ ಪಟ್ಟಿಯನ್ನು ಎಸೆಯದೆ ಇಟ್ಟುಕೊಳ್ಳಿ. ಒಮ್ಮೆಲೇ ಲಕ್ಷಗಟ್ಟಲೆ ಜಮಾ ಆದದ್ದು ಎಲ್ಲಿಂದ ಅಂತ ಸಂದರ್ಶನದಲ್ಲಿ ಕೇಳಿದರೆ ಆ ಚೀಟಿಯೇ ಉತ್ತರ.

ಅಪ್ಪನ ಖಾತೆ ತೋರಿಸುವುದಾದರೆ ಎರಡು ಕಾಗದ ಬೇಕು. ಒಂದು ಜನನ ಪ್ರಮಾಣಪತ್ರ, ಇವರು ಇವನ ತಂದೆ ಅಂತ ಹೇಳಲಿಕ್ಕೆ. ಇನ್ನೊಂದು, ನನ್ನ ದುಡ್ಡನ್ನು ಮಗನ ಓದಿಗೆ ಬಳಸಲು ಒಪ್ಪಿಗೆ ಇದೆ ಅಂತ ಅಪ್ಪನ ಪತ್ರ. ನಾನು ಇಂಗ್ಲಿಷಿನಲ್ಲಿ ಬರೆದೆ. ಅಪ್ಪನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಬ್ಯಾಂಕಿನಲ್ಲಿ ಮಾಡುವ ಹಾಗೇ ಕನ್ನಡದಲ್ಲಿ ಸಹಿ ಹಾಕಿದ. ಜನನ ಪ್ರಮಾಣಪತ್ರ ಬರೀ ಕನ್ನಡದಲ್ಲಿ, ಕೈಬರಹದಲ್ಲಿ ಇತ್ತು. ಅದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದ ಸರಿಯಾಗಿದೆ ಎಂಬ ಮಾತು, ತಾರೀಖು, ಮಾಡಿದವರ ಪೂರ್ತಿ ಹೆಸರು, ಸಹಿ, ಫೋನ್ ನಂಬರ್ ಎಲ್ಲ ಬರೆಸಬೇಕು. ಹೆಸರಿನ ಸ್ಪೆಲ್ಲಿಂಗ್ ಕಡೆ ನಮ್ಮ ಭಾಗದವರು ಚೂರು ಜಾಸ್ತಿಯೇ ಗಮನ ಕೊಡಬೇಕು. ಅಪ್ಪನ ಹೆಸರಿನ ಕೊನೆಯ 'ಪ್ಪ'ಕ್ಕೆ ಆಧಾರದಲ್ಲಿ ಎರಡು ಪಿ, ಬ್ಯಾಂಕಿನಲ್ಲಿ ಒಂದೇ ಪಿ ಇತ್ತು. ಅಡ್ಡಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ದುಡ್ಡು ಕೂಡಿಸುವ ಮೊದಲೇ ಆಧಾರ್ ತೋರಿಸಿ ಬ್ಯಾಂಕಿನಲ್ಲಿ ಸರಿ ಮಾಡಿಸಿದೆವು.

ಇನ್ನು 28 ದಿನ. ಬೇಕಾದಷ್ಟು ದುಡ್ಡು ಖಾತೆಯಲ್ಲಿ ಸತತ 28 ದಿನ ಇರಲೇಬೇಕು. ನಾವು ಎಡವಿದ್ದು ಇಲ್ಲೇ. ಮೇ 12ಕ್ಕೆ ಅಪ್ಪನ ಖಾತೆಯಲ್ಲಿ 13 ಲಕ್ಷ ಆಯಿತು. ನಾನು ಕ್ಯಾಲೆಂಡರಿನಲ್ಲಿ ದಿನ ದಿನ ಗೀಟು ಹಾಕುತ್ತಿದ್ದೆ. ಜೂನ್ 4ರಂದು ಸಂಜೆ ಫೋನ್ ಮಾಡಿದಾಗ ಅಪ್ಪ ಖುಷಿಯಲ್ಲಿದ್ದ. ಮಳೆ ಹಿಡಿದಿತ್ತು. ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಟಾಯರು ಅಂತ 1 ಲಕ್ಷ 60 ಸಾವಿರ ತೆಗೆದಿದ್ದ. "ದಲಾಲರು ಇನ್ನೂ ಕೊಡೋದೈತಿ ಯವ್ವಾ, ನಾಕ ದಿನಕ್ಕ ಹಾಕಿಬಿಡ್ತೀನಿ" ಎಂದ. ಅದು 24ನೇ ದಿನ. ಬೇಕಾದ ಮೊತ್ತಕ್ಕಿಂತ ಒಂದು ದಿನ, ಒಂದು ರೂಪಾಯಿ ಕಡಿಮೆಯಾದರೂ ಎಣಿಕೆ ಮತ್ತೆ ಒಂದರಿಂದ. ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಹದ ಬಂದಾಗ ಬಿತ್ತದೆ ಇರುವುದು ಯಾವ ರೈತನಿಗೂ ಆಗದ ಮಾತು. ದುಡ್ಡು ಯಾಕೆ ಮುಟ್ಟಬಾರದು ಅಂತ ನಾನು ಬಿಡಿಸಿ ಹೇಳಿರಲಿಲ್ಲ, ಅದು ನನ್ನ ತಪ್ಪು. ಬಿತ್ತನೆಯ ಖರ್ಚನ್ನು ಬೇರೆ ಖಾತೆಯಲ್ಲಿ ಮೊದಲೇ ತೆಗೆದಿಡಬೇಕಿತ್ತು. ನೀವು ಹಾಗೆ ಮಾಡಿ. ಆ ಖಾತೆಯಿಂದ ತಾನಾಗಿ ಕಡಿತವಾಗುವ ಸಾಲದ ಕಂತು, ವಿಮೆಯ ಹಣ ಇದ್ದರೆ ಅದನ್ನೂ ಬೇರೆ ಕಡೆ ಹಾಕಿಸಿ.

ಜೂನ್ 9ಕ್ಕೆ ದುಡ್ಡು ಮತ್ತೆ ತುಂಬಿತು. ಅವತ್ತೇ ಎಟಿಎಂ ಕಾರ್ಡು, ಚೆಕ್ ಬುಕ್ಕು ಎರಡೂ ಅವ್ವನ ಟ್ರಂಕಿಗೆ ಹೋದವು. ಜೂನ್ 9 ಒಂದನೇ ದಿನ, ಜುಲೈ 6 ಇಪ್ಪತ್ತೆಂಟನೇ ದಿನ. ಜುಲೈ 7ಕ್ಕೆ ಬ್ಯಾಂಕಿಗೆ ಹೋಗಿ ಅವತ್ತಿನವರೆಗಿನ ಸ್ಟೇಟ್‌ಮೆಂಟ್ ತೆಗೆಸಿ, ಪ್ರತಿ ಹಾಳೆಗೂ ಸೀಲು, ಸಹಿ ಹಾಕಿಸಿದೆವು. ಬ್ಯಾಂಕಿನ ಹೆಸರು, ಖಾತೆದಾರರ ಹೆಸರು, ಖಾತೆ ನಂಬರ್, ತಾರೀಖು, ಬಾಕಿ ಮೊತ್ತ ಎಲ್ಲ ಕಾಣಬೇಕು. ಆ ಕೊನೆಯ ತಾರೀಖಿನಿಂದ 31 ದಿನದೊಳಗೆ ಅರ್ಜಿ ಹೋಗಬೇಕು. ಅರ್ಜಿಯ ದಿನ ಅಂದರೆ ಆನ್‌ಲೈನಿನಲ್ಲಿ ವೀಸಾ ಶುಲ್ಕ ಕಟ್ಟಿ ಕಳಿಸಿದ ದಿನ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದ ದಿನ ಅಲ್ಲ. ತಮ್ಮ ಜುಲೈ 10ಕ್ಕೆ ಕಳಿಸಿದ.

ಉಳಿದ ಫೀಗೆ ನಾವು ಶಿಕ್ಷಣ ಸಾಲ ತೋರಿಸಿದೆವು. ಸಾಲದ ಪತ್ರಕ್ಕೆ 28 ದಿನದ ಲೆಕ್ಕ ಇಲ್ಲ, ಇದು ದೊಡ್ಡ ಅನುಕೂಲ. ಆದರೆ ಪತ್ರ ಅರ್ಜಿಗಿಂತ ಆರು ತಿಂಗಳ ಒಳಗಿನದಾಗಿರಬೇಕು, ಸಾಲ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ನಮ್ಮ ಬ್ಯಾಂಕಿನವರು ಹೊಲವನ್ನು ಒತ್ತೆ ಹಿಡಿಯಲಿಲ್ಲ. ಹುಬ್ಬಳ್ಳಿಯಲ್ಲಿ ಅಪ್ಪ ಹಿಂದೆ ತೆಗೆದುಕೊಂಡಿದ್ದ ಎನ್‌ಎ (ಕೃಷಿಯೇತರ) ಪ್ಲಾಟ್ ಇತ್ತು, ಅದರ ಉತಾರ, ಋಣಭಾರ ಪತ್ರ ಕೇಳಿದರು. ಇವಕ್ಕೆ ಓಡಾಡಲು ಸಮಯ ಹಿಡಿಯುತ್ತದೆ, ಮಾರ್ಚಿನಲ್ಲೇ ಶುರು ಮಾಡಿ.

ಎಣಿಕೆ ತಪ್ಪಿದ ಆ ವಾರ ಒಬ್ಬರು ಬಂದು, "ಕಮಿಷನ್ ಕೊಡಿ, 28 ದಿನ ದುಡ್ಡು ತೋರಿಸೋಣ, ಸ್ಟೇಟ್‌ಮೆಂಟೂ ಮಾಡಿಸೋಣ" ಎಂದರು. ಅವಸರದಲ್ಲಿ ಮನಸ್ಸು ಅತ್ತ ವಾಲುತ್ತದೆ, ನನಗೆ ಗೊತ್ತು. ಬೇಡ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಇಂಗ್ಲೆಂಡಿನ ಬಾಗಿಲು 10 ವರ್ಷ ಮುಚ್ಚಬಹುದು. ಒಂದು ತಿಂಗಳು ತಡವಾದರೆ ಆಗಲಿ, ಜನವರಿಯಲ್ಲೂ ಎಷ್ಟೋ ಕೋರ್ಸ್ ಶುರುವಾಗುತ್ತವೆ.

ಬೇರೆ ದೇಶಕ್ಕೆ ಹೋಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಜರ್ಮನಿಗೆ ವರ್ಷಕ್ಕೆ 11,904 ಯೂರೋವನ್ನು ಬೇಕೆಂದಾಗ ತೆಗೆಯಲಾಗದ ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಕೆನಡಾಕ್ಕೆ 2025ರ ಸೆಪ್ಟೆಂಬರ್ 1ರಿಂದ ಒಬ್ಬರಿಗೆ ಫೀ ಬಿಟ್ಟು 22,895 ಕೆನಡಾ ಡಾಲರ್. ಈ ಮೊತ್ತಗಳು ಆಗಾಗ ಬದಲಾಗುತ್ತವೆ. ದುಡ್ಡು ಕೂಡಿಸುವ ಮೊದಲು ಒಮ್ಮೆ, ಶುಲ್ಕ ಕಟ್ಟುವ ದಿನ ಇನ್ನೊಮ್ಮೆ ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನೇ ತೆರೆದು ನೋಡಿ.