ಪ್ಯಾಕಪ್‌ಗೆ ಮುಂಚೆ ಖಾಲಿ ಕೋಣೆಯ ಸದ್ದು ಹಿಡ್ಕೊಳ್ಳಿ

ಕಿರುಚಿತ್ರ ಮಾಡ್ತಿರೋರು ಪ್ರತಿ ಲೊಕೇಶನ್ ಬಿಡೋ ಮುಂಚೆ ಎಲ್ಲರನ್ನೂ ಇದ್ದಲ್ಲೇ ಸುಮ್ಮನೆ ನಿಲ್ಲಿಸಿ, ಮಾತಿಗೆ ಬಳಸಿದ ಅದೇ ಮೈಕ್, ಅದೇ ರೆಕಾರ್ಡಿಂಗ್ ಲೆವೆಲ್‌ನಲ್ಲಿ 30ರಿಂದ 60 ಸೆಕೆಂಡ್ ಕೋಣೆಯ ಸದ್ದು ರೆಕಾರ್ಡ್ ಮಾಡ್ಕೊಳ್ಳಿ. ಇದಕ್ಕೆ ರೂಮ್ ಟೋನ್ ಅಂತಾರೆ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗಕ್ಕೆಲ್ಲ ಇದನ್ನು ಹಾಸಬೇಕು. ಇಲ್ಲದಿದ್ರೆ ಅಲ್ಲಿ ಸದ್ದು ಪೂರ್ತಿ ಸತ್ತು, ಸ್ಪೀಕರ್ ಕೆಟ್ಟಿತೇನೋ ಅನ್ಸುತ್ತೆ.

ಮಾತಿನ ಶಾಟ್‌ಗಳಲ್ಲಿ ಫ್ಯಾನು, ಫ್ರಿಜ್ಜು ಆಫ್ ಇರ್ಲಿ (ಫ್ರಿಜ್ ಮತ್ತೆ ಆನ್ ಮಾಡೋದು ಮರೀಬೇಡಿ, ಮನೆಯವರು ಬೈತಾರೆ!). ಅವುಗಳ ಸದ್ದನ್ನು ಬೇರೆಯಾಗಿ ಹಿಡಿದಿಟ್ಕೊಳ್ಳಿ, ಎಡಿಟಿಂಗ್‌ನಲ್ಲಿ ಬೇಕಾದಲ್ಲಿ ಸೇರಿಸಿ ಬೇಕಾದಲ್ಲಿ ನಿಲ್ಲಿಸಬಹುದು. ದೃಶ್ಯದುದ್ದಕ್ಕೂ ಗುಂಯ್ ಅಂತಿದ್ದ ಫ್ಯಾನು, ಆಸ್ಪತ್ರೆಯಿಂದ ಫೋನ್ ಬಂದ ಕ್ಷಣ ಟಕ್ಕಂತ ನಿಂತರೆ ನೋಡೋರ ಎದೆ ಝಲ್ಲೆನ್ನುತ್ತೆ. ಅಲ್ಲಿ ಪಿಟೀಲು ಸುರಿಯೋದು ನನ್ನ ಪ್ರಕಾರ ದಂಡ.