ಗಾಳಿ ಎಷ್ಟು ಎನ್ನುವ ಮೊದಲು ಎತ್ತಣಿಂದ ಎಂದು ಕೇಳಬೇಕು

ಹವಾಯಿಯ ಬೇಸಿಗೆಯಲ್ಲಿ ಗಾಳಿ ಬೀಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹತ್ತು ದಿನಗಳಲ್ಲಿ ಎಂಟು ದಿನವಾದರೂ ವಾಣಿಜ್ಯ ಮಾರುತ ಇದ್ದೇ ಇರುತ್ತದೆ. ಉತ್ತರ ಪೆಸಿಫಿಕ್‌ನಲ್ಲಿ ಅಧಿಕ ಒತ್ತಡದ ದೊಡ್ಡ ವಲಯವೊಂದು ಬೇಸಿಗೆಯುದ್ದಕ್ಕೂ ಬೀಡುಬಿಟ್ಟಿರುತ್ತದೆ. ಅದರ ದಕ್ಷಿಣದ ಅಂಚಿನಿಂದ ಹೊರಟ ಗಾಳಿ ಪೂರ್ವ-ಈಶಾನ್ಯ ದಿಕ್ಕಿನಿಂದ ಈ ದ್ವೀಪಗಳ ಮೇಲೆ ಹಾದುಹೋಗುತ್ತದೆ. ಒವಾಹು ದ್ವೀಪದ ಹಳೆಯ ಮನೆಗಳಲ್ಲಿ ಎ.ಸಿ. ಇಲ್ಲದೆ ನಿದ್ದೆ ಬರುವುದು ಇದರ ಕೃಪೆಯಿಂದಲೇ.

ನಾನು ಈ ಗಾಳಿಗೆ ಬೆನ್ನು ಕೊಟ್ಟು ಹುಟ್ಟು ಹಾಕುವವನು. ಒಬ್ಬರೇ ಕೂರುವ ಉದ್ದನೆಯ, ಸಪೂರ ದೋಣಿ ನನ್ನದು. ಅದರ ಎಡಬದಿಗೆ ಎರಡು ಅಡ್ಡಕೋಲುಗಳ ತುದಿಯಲ್ಲಿ ತೇಲುದಿಂಡು ಕಟ್ಟಿರುತ್ತದೆ, ಇಲ್ಲಿಯವರು ಅದನ್ನು ಅಮಾ ಎನ್ನುತ್ತಾರೆ. ದ್ವೀಪದ ಆಗ್ನೇಯ ಮೂಲೆಯ ಹವಾಯಿ ಕಾಯ್‌ನಲ್ಲಿ ನೀರಿಗಿಳಿದು, ಡೈಮಂಡ್ ಹೆಡ್ ಬೆಟ್ಟವನ್ನು ಸುತ್ತಿ, ವೈಕೀಕೀಯ ಪಕ್ಕದ ಕೈಮಾನಾ ತೀರದಲ್ಲಿ ಹತ್ತುವುದು ನಮ್ಮ ಮಾಮೂಲಿ ದಾರಿ. ಸುಮಾರು 13 ಕಿಲೋಮೀಟರ್. ಎಲ್ಲವೂ ಕೂಡಿಬಂದ ದಿನ ಅಲೆಗಳೇ ಹೊತ್ತುಕೊಂಡು ಹೋಗುತ್ತವೆ. ಕೂಡಿಬಾರದ ದಿನ ಅಷ್ಟೇ ದೂರ ಭುಜ ನೋಯುವಷ್ಟು ದುಡಿಸುತ್ತದೆ.

ಎರಡೂ ದಿನ ಮುನ್ಸೂಚನೆಯಲ್ಲಿ ಗಾಳಿಯ ವೇಗ ಒಂದೇ ಇರಬಹುದು, 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ಒವಾಹುವಿನ ಪೂರ್ವ ದಡದುದ್ದಕ್ಕೂ ಕೋವೊಲಾವು ಬೆಟ್ಟಸಾಲು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿಕೊಂಡಿದೆ. ಅದರ ಅತಿ ಎತ್ತರದ ಶಿಖರವೂ 1,000 ಮೀಟರ್ ಮುಟ್ಟುವುದಿಲ್ಲ. ಗಾಳಿ ಉತ್ತರಕ್ಕೆ ತುಸು ವಾಲಿ ಈಶಾನ್ಯದಿಂದ ಬಂದರೆ ಬೆಟ್ಟ ಹತ್ತಿ ಇಳಿದು, ಕಣಿವೆ ಕಣಿವೆಯಿಂದ ಮೌನಲುವಾ ಕೊಲ್ಲಿಯ ಮೇಲೆ ಬೀಳುತ್ತದೆ. ಒಂದು ನಿಮಿಷ ಹುಟ್ಟನ್ನೇ ಕಿತ್ತುಕೊಳ್ಳುವಂಥ ರಭಸ, ಮರುನಿಮಿಷ ಏನೂ ಇಲ್ಲ. ದಡದಿಂದ ಕಡಲಿನತ್ತ ಬೀಸುವುದರಿಂದ ಅಲೆ ಬೆಳೆಯಲು ಜಾಗವೂ ಸಿಗುವುದಿಲ್ಲ. ಅದೇ ಗಾಳಿ ಹೆಚ್ಚು ಕಡಿಮೆ ನೇರ ಪೂರ್ವದಿಂದ ಬಂದರೆ ಮಕಪೂವು ಮತ್ತು ಕೋಕೊ ಹೆಡ್ ತುದಿಗಳನ್ನು ಬಳಸಿಕೊಂಡು, ಮೊಲೊಕಾಯ್ ದ್ವೀಪಕ್ಕೂ ನಮಗೂ ನಡುವಿನ ಕೈವಿ ಕಾಲುವೆಯಲ್ಲಿ ಎದ್ದ ಅಲೆಗಳನ್ನೂ ಜೊತೆಗೆ ಕರೆತರುತ್ತದೆ. ದಿಕ್ಸೂಚಿಯಲ್ಲಿ ಉತ್ತರ ಸೊನ್ನೆ, ಪೂರ್ವ 90 ಡಿಗ್ರಿ. 50 ಡಿಗ್ರಿಯ ಗಾಳಿಯ ದಿನ ನಾನು ದೋಣಿಯನ್ನು ಕಾರಿನ ಮೇಲೆ ಕಟ್ಟುವುದಿಲ್ಲ; 75 ಡಿಗ್ರಿಯ ಗಾಳಿಯಿದ್ದರೆ ಕಚೇರಿಯಿಂದ ಬೇಗ ಹೊರಡುತ್ತೇನೆ.

ದಿಕ್ಕಿನ ನಂತರ ನಾನು ನೋಡುವುದು ಮುಚ್ಚಳವನ್ನು. ವಾಣಿಜ್ಯ ಮಾರುತದ ಮೇಲೆ ಸಾಮಾನ್ಯವಾಗಿ 2,000 ಮೀಟರ್ ಆಸುಪಾಸಿನಲ್ಲಿ ಬೆಚ್ಚಗಿನ, ಒಣ ಗಾಳಿಯ ಪದರವೊಂದು ಕುಳಿತಿರುತ್ತದೆ. ಮೋಡಗಳು ಅದನ್ನು ಭೇದಿಸಿ ಮೇಲೇರಲಾರವು. ಹಾಗಾಗಿಯೇ ಇಲ್ಲಿನ ಬೇಸಿಗೆಯ ಮೋಡಗಳು ಗಿಡ್ಡ, ಮಳೆ ಚುಟುಕು, ಅದೂ ಹೆಚ್ಚಾಗಿ ರಾತ್ರಿ ಮತ್ತು ಮುಂಜಾನೆ, ಗಾಳಿಗೆ ಮುಖ ಮಾಡಿದ ಬೆಟ್ಟಗಳ ಮೇಲೆ. ಕವಾಯ್ ದ್ವೀಪದ ಲಿಹುಯೆ ಮತ್ತು ದೊಡ್ಡ ದ್ವೀಪದ (ಹವಾಯಿ ಎಂಬುದೇ ಅದರ ಹೆಸರು) ಹಿಲೋ ಊರುಗಳಿಂದ ದಿನಕ್ಕೆರಡು ಬಾರಿ, ಬೆಳಗಿನ ಜಾವ 2 ಮತ್ತು ಮಧ್ಯಾಹ್ನ 2ರ ಸುಮಾರಿಗೆ, ಹವಾಮಾನ ಬಲೂನು ಹಾರಿಸುತ್ತಾರೆ. ಮುಚ್ಚಳ ಎಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ. ಆಕಾಶದ ಮೇಲ್ಸ್ತರದಲ್ಲಿ ಕಡಿಮೆ ಒತ್ತಡದ ಪಟ್ಟಿಯೊಂದು ಹಾದುಹೋಗುವಾಗ ಮುಚ್ಚಳ ಮೇಲೇಳುತ್ತದೆ. ಆಗ ಮೋಡ ಬೆಳೆದು, ಮಳೆ ಬೆಟ್ಟ ದಾಟಿ ನಮ್ಮ ಕಡೆಗೂ ಬರುತ್ತದೆ. ದೋಣಿಯಲ್ಲಿರುವವನಿಗೆ ಇದರ ಅರ್ಥ ಸರಳ: ಮಳೆಯ ಮುಂದೆ ಬಿರುಗಾಳಿ, ಮಳೆಯ ಹಿಂದೆ ಸ್ವಲ್ಪ ಹೊತ್ತು ಸತ್ತ ಗಾಳಿ. ಹಿಂದಿನಿಂದ ಕಪ್ಪಾಗುತ್ತಿದ್ದರೆ ಆ ಮುಂದಿನ ಗಾಳಿಯನ್ನು ಪೂರ್ತಿ ಬಳಸಿಕೊಂಡು, ನಂತರದ ಮಂಕು ಹೊತ್ತಿನಲ್ಲಿ ನೀರು ಕುಡಿದು ಸುಧಾರಿಸಿಕೊಳ್ಳುತ್ತೇನೆ.

ಈ ಮುಚ್ಚಳದಿಂದಲೇ ದ್ವೀಪದಿಂದ ದ್ವೀಪಕ್ಕೆ ಗಾಳಿಯ ಸ್ವಭಾವ ಬದಲಾಗುತ್ತದೆ. ಮಾವಿಯ ಹಾಲೆಯಾಕಲಾ 3,055 ಮೀಟರ್, ದೊಡ್ಡ ದ್ವೀಪದ ಮೌನಾ ಕೇಯಾ 4,200 ಮೀಟರಿಗೂ ಹೆಚ್ಚು. ಎರಡೂ ಮುಚ್ಚಳವನ್ನು ತೂರಿ ನಿಂತಿವೆ. ಅವುಗಳನ್ನು ಹತ್ತಿ ದಾಟಲಾಗದ ಗಾಳಿ ನಡುವಿನ ಅಲೆನುಯಿಹಾಹಾ ಕಾಲುವೆಯಲ್ಲಿ ಇಕ್ಕಟ್ಟಾಗಿ ನುಗ್ಗುತ್ತದೆ. ಸಣ್ಣ ದೋಣಿಗಳಿಗೆ ಎಚ್ಚರಿಕೆ ಎಲ್ಲಕ್ಕಿಂತ ಮೊದಲು ಬೀಳುವುದು ಅಲ್ಲಿಗೇ. ಮಾವಿಯ ನಡುವಿನ ತಗ್ಗಿನಲ್ಲಿರುವ ಕಹುಲುಯಿಯಲ್ಲಿಯೂ ಇದೇ ಕಥೆ. ಅತ್ತ ದೊಡ್ಡ ದ್ವೀಪದ ಪಶ್ಚಿಮದ ಕೋನಾ ದಡವೋ ದೊಡ್ಡ ಬೆಟ್ಟಗಳ ಮರೆಯಲ್ಲಿ, ತನ್ನದೇ ಕಡಲಗಾಳಿ ಮಾಡಿಕೊಂಡು, ಉಳಿದ ದ್ವೀಪಗಳಿಗೆ ಒಣಕಾಲವಾದ ಬೇಸಿಗೆಯಲ್ಲೇ ಹೆಚ್ಚು ಮಳೆ ಕಾಣುತ್ತದೆ.

ನಾನು ಕುಂದಾಪುರದ ಕಡೆಯವನು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಗಾಳಿ ಬಂತೆಂದರೆ ಕಡಲಿಗೆ ಬೆನ್ನು ಹಾಕುವ ಕಾಲ. ಅದೇ ತಿಂಗಳುಗಳಲ್ಲಿ ನಾನು ಇಲ್ಲಿ ಸಂತೋಷದಿಂದ ನೀರಿಗಿಳಿಯುತ್ತೇನೆ ಎಂದರೆ ಅಮ್ಮನಿಗೆ ಈಗಲೂ ದಿಗಿಲು. ಆದರೆ ಎರಡೂ ಗಾಳಿಗಳು ಒಂದೇ ಕುಲದವು. ದಕ್ಷಿಣಾರ್ಧ ಗೋಳದ ವಾಣಿಜ್ಯ ಮಾರುತ ಸಮಭಾಜಕ ವೃತ್ತ ದಾಟಿ ಬಲಕ್ಕೆ ತಿರುಗಿದಾಗಲೇ ನಮ್ಮೂರಿನ ನೈಋತ್ಯ ಮುಂಗಾರು ಆಗುವುದು. ಕೋವೊಲಾವು ಮೇಲೆ ಸುರಿದು ದಕ್ಷಿಣ ದಡವನ್ನು ಒಣಗಿಸುವ ಇಲ್ಲಿನ ಲೆಕ್ಕವನ್ನು ಆಗುಂಬೆಯ ಮಳೆ ಮತ್ತು ಚಿತ್ರದುರ್ಗದ ಬಿಸಿಲು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೀರಿನ ಮೇಲಿನ ಕೆಲಸ. ಬಿಸಿಲೇರಿದ ಮೇಲೆ ದಡದ ಹತ್ತಿರದ ಗಾಳಿ ಗಟ್ಟಿಯಾಗುತ್ತದೆ, ಆದ್ದರಿಂದ ಮಧ್ಯಾಹ್ನದ ನಂತರವೇ ಹೊರಡುತ್ತೇನೆ. ಹಿಂದಿನಿಂದ ಬರುವ ಅಲೆಯನ್ನು ತಿರುಗಿ ನೋಡುವುದಿಲ್ಲ. ಮೂತಿಯ ಮುಂದೆ ನೀರು ಎಲ್ಲಿ ತಗ್ಗುತ್ತದೆ ಎಂಬುದೇ ಸೂಚನೆ. ಹಿಂಬದಿ ಮೇಲೆದ್ದ ಕ್ಷಣ ನಾಲ್ಕೈದು ಬಲವಾದ ಹುಟ್ಟು, ದೋಣಿ ಜಾರತೊಡಗಿತೆಂದರೆ ಕೈ ಸಡಿಲ. ಆ ಅಲೆ ಸಾಯುವ ಮೊದಲೇ ಪಕ್ಕದ ತಗ್ಗಿಗೆ ಚುಕ್ಕಾಣಿ ತಿರುಗಿಸಬೇಕು. ಪಶ್ಚಿಮಕ್ಕೆ ಹೋಗುವಾಗ ಗಾಳಿ ಬಲಹಿಂಬದಿಯಿಂದ ತಳ್ಳುತ್ತದೆ. ಅಮಾ ಮೇಲೆದ್ದರೆ ದೋಣಿ ಮಗುಚುತ್ತದೆ, ಹಾಗಾಗಿ ಮೈಭಾರ ಸದಾ ಎಡಕ್ಕೆ. ಅಲೆಯಿಂದ ಅಲೆಗೆ ಹೀಗೆ ದಾಟುತ್ತ ಹೋಗುವಾಗಿನ ಸುಖಕ್ಕೆ ಸಮನಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಡೈಮಂಡ್ ಹೆಡ್‌ಗೆ ಮುಂಚೆ ಸಿಗುವ ಬ್ಲ್ಯಾಕ್ ಪಾಯಿಂಟ್ ಎಂಬ ನೆಲದ ಚಾಚಿನ ಬಳಿ ಬಂದಾಗ ಲೆಕ್ಕ ಬದಲಾಗುತ್ತದೆ. ಬೇಸಿಗೆಯಲ್ಲಿ ದಕ್ಷಿಣಾರ್ಧ ಗೋಳದ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ಉದ್ದಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಇದೇ ದಡಕ್ಕೆ ಬಂದು ಹವಳದ ದಿಬ್ಬದ ಮೇಲೆ ಒಡೆಯುತ್ತವೆ. ದೊಡ್ಡ ಅಲೆಗಳ ನಡುವೆ ಹಲವು ನಿಮಿಷಗಳ ಬಿಡುವಿರುವುದರಿಂದ ಒಡೆಯುವ ಜಾಗ ಶಾಂತವಾಗಿ ಕಾಣಬಹುದು. ನಾನು ಡೈಮಂಡ್ ಹೆಡ್ ದೀಪಸ್ತಂಭದ ಮುಂದೆ ಯಾವತ್ತೂ ಹೊರಗಿನ ದಾರಿಯನ್ನೇ ಹಿಡಿಯುತ್ತೇನೆ, ಕೆಲವು ನಿಮಿಷ ತಡವಾದರೂ ಸರಿ.

ಮುಚ್ಚಳ ತಗ್ಗಿ, ಗಾಳಿ ಬಿರುಸಾಗಿ, ಹುಲ್ಲು ಒಣಗಿರುವ ದಿನಗಳನ್ನು ಈಗ ಬೇರೆಯೇ ಕಣ್ಣಿನಿಂದ ನೋಡುತ್ತೇನೆ. 2023ರ ಆಗಸ್ಟ್ 8ರಂದು ಉತ್ತರಕ್ಕೆ ಬಲವಾದ ಅಧಿಕ ಒತ್ತಡ, ದೂರ ದಕ್ಷಿಣದಲ್ಲಿ ಡೋರಾ ಚಂಡಮಾರುತ. ಪಶ್ಚಿಮ ಮಾವಿಯ ಬೆಟ್ಟದಿಂದ ಇಳಿದ ಗಾಳಿ ಬೆಂಕಿಯನ್ನು ಲಹೈನಾ ಊರಿನ ಮೇಲೆ ತಳ್ಳಿತು; ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಕಾಡ್ಗಿಚ್ಚಿನ ಎಚ್ಚರಿಕೆ ಇರುವ ದಿನ, ಅಲೆ ಎಷ್ಟೇ ಚೆನ್ನಾಗಿರಲಿ, ನಾನು ಮನೆಯ ಬಳಿಯೇ ಇರುತ್ತೇನೆ.

ಉಳಿದ ದಿನಗಳಿಗೆ ನನ್ನ ಕಟ್ಟಳೆ ಇಷ್ಟು: ಒಬ್ಬನೇ ಇದ್ದರೆ 20 ನಾಟ್‌ವರೆಗೆ, ಜೊತೆಗಾರರಿದ್ದರೆ 25ರವರೆಗೆ. ಕಾಲಿಗೂ ದೋಣಿಗೂ ಹಗ್ಗ ಕಟ್ಟಿರುತ್ತೇನೆ, ಏಕೆಂದರೆ ಈ ಗಾಳಿಯಲ್ಲಿ ಬರಿದಾದ ದೋಣಿ ಈಜುವವನ ಕೈಗೆ ಸಿಗುವುದಿಲ್ಲ. ಮೊಬೈಲ್ ನೀರು ನುಗ್ಗದ ಚೀಲದಲ್ಲಿ ಮೈಮೇಲೆಯೇ ಇರುತ್ತದೆ, ಹೊರಡುವಾಗ ಮತ್ತು ತಲುಪಿದಾಗ ಹೆಂಡತಿಗೆ ಒಂದೊಂದು ಸಂದೇಶ.