ಸೈಟಿನ ಸಾಮಾನು, ಮನೆ ಸಾಮಾನು: ಒಂದೇ ಕಾರ್ಟಿಗೆ ಹಾಕಬೇಡಿ

ಸಣ್ಣ ಕಂಟ್ರಾಕ್ಟ್ ಕೆಲಸ ಮಾಡುವವರ ಆನ್‌ಲೈನ್ ಖರೀದಿ ನಡೆಯುವುದೇ ರಾತ್ರಿ ಹತ್ತರ ಮೇಲೆ. ಸೈಟಿನಿಂದ ಬಂದು, ಊಟ ಮುಗಿಸಿ, ಮಲಗಿಕೊಂಡು ಫೋನ್ ಹಿಡಿದಾಗ ನೆನಪಾಗುತ್ತದೆ: ನಾಳಿದ್ದಿಗೆ ಟೈಲ್ ಕಟ್ಟರ್ ಬ್ಲೇಡ್ ಬೇಕು, ಎರಡು ಜೊತೆ ಗ್ಲೌಸ್ ಬೇಕು. ಕಾರ್ಟಿನಲ್ಲಿ ಆಗಲೇ ಮಗಳ ಶೂ ಇರುತ್ತದೆ, ಅದೂ ಜೊತೆಗೇ ಹೋಗುತ್ತದೆ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದೆ. ವರ್ಷದ ಕೊನೆಗೆ ಲೆಕ್ಕಕ್ಕೆ ಕೂತರೆ ನೂರಾರು ಆರ್ಡರ್, ಒಂದೊಂದನ್ನೂ ತೆರೆದು ಇದು ಸೈಟಿಗಾ ಮನೆಗಾ ಅಂತ ನೋಡಬೇಕು. ಒಂದು ಪೆಟ್ಟಿಗೆ ಬಲ್ಬ್ ಎಲ್ಲಿಗೆ ಹೋಯಿತು ಅಂತ ಹತ್ತು ತಿಂಗಳಾದ ಮೇಲೆ ಯಾರಿಗೆ ನೆನಪಿರುತ್ತದೆ ಹೇಳಿ. ಗೊತ್ತಾಗದ್ದನ್ನೆಲ್ಲ ಬಿಟ್ಟುಬಿಟ್ಟೆ. ಅಂದರೆ ನಿಜವಾಗಿ ಕೈಬಿಟ್ಟು ಹೋದ ದುಡ್ಡನ್ನು ಖರ್ಚು ಅಂತ ತೋರಿಸದೆ, ಅದರ ಮೇಲೂ ತೆರಿಗೆ ಕಟ್ಟಿದೆ.

ಆಮೇಲೆ ಅರ್ಥವಾದದ್ದು ಇಷ್ಟೇ. ಬೇರೆ ಮಾಡುವ ಕೆಲಸ ಪೇ ಬಟನ್ ಒತ್ತುವ ಮೊದಲೇ ಆಗಿರಬೇಕು. ಸುಸ್ತಾಗಿ ಮಲಗಿರುವವನಿಗೆ ತಪ್ಪು ಮಾಡಲು ದಾರಿಯೇ ಇಲ್ಲದ ಹಾಗೆ ಮೊದಲೇ ಎಲ್ಲ ಜೋಡಿಸಿಡಬೇಕು. ಒಂದು ರಜೆಯ ದಿನ ಎರಡು ಗಂಟೆ ಕೂತರೆ ಮುಗಿಯುತ್ತದೆ.

ಮೊದಲು ಇಮೇಲ್. ಕೆಲಸಕ್ಕೆಂದೇ ಹೊಸದೊಂದು ಮಾಡಿ. ಜಿಮೇಲ್‌ನಲ್ಲಿ ಹೆಸರು ಮುಗಿದ ಮೇಲೆ, @ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಇನ್ನೊಂದು ಪದ ಸೇರಿಸಿದರೂ ಮೇಲ್ ಬರುತ್ತದೆ, ಆದರೆ ಬಂದು ಬೀಳುವುದು ಅದೇ ಹಳೆಯ ಇನ್‌ಬಾಕ್ಸಿಗೆ. ಪೂರ್ತಿ ಬೇರೆ ಇಮೇಲ್ ಇದ್ದರೆ, ನಾಳೆ ಲೆಕ್ಕ ಬರೆಯಲು ಯಾರನ್ನಾದರೂ ಇಟ್ಟುಕೊಂಡಾಗ ಆ ಇನ್‌ಬಾಕ್ಸನ್ನೇ ಅವರ ಕೈಗೆ ಕೊಡಬಹುದು, ನಿಮ್ಮ ಮನೆ ವಿಷಯ ಯಾವುದೂ ಅದರಲ್ಲಿರುವುದಿಲ್ಲ.

ಆಮೇಲೆ ಬ್ಯಾಂಕ್ ಖಾತೆ ಮತ್ತು ಕಾರ್ಡ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೆಲಸದ ದುಡ್ಡು ಬರುವ ಖಾತೆಯಿಂದಲೇ ಕೆಲಸದ ಸಾಮಾನಿಗೆ ದುಡ್ಡು ಹೋಗಬೇಕು. ಕಂಪನಿ ಅಂತ ನೋಂದಾಯಿಸಿದ್ದರೆ ಇನ್ನೂ ಹುಷಾರಾಗಿರಿ, ಕಾನೂನಿನ ಲೆಕ್ಕದಲ್ಲಿ ಕಂಪನಿ ಬೇರೆ, ನೀವು ಬೇರೆ.

ಈಗ ಶಾಪಿಂಗ್ ಖಾತೆ. ಹೊಸ ಇಮೇಲಿನಿಂದ ಹೊಸ ಖಾತೆ ತೆರೆಯಿರಿ. ವ್ಯಾಪಾರಕ್ಕೆಂದೇ ಬೇರೆ ರೀತಿಯ ಖಾತೆ ಕೊಡುವ ತಾಣಗಳಿವೆ. ಅಮೆಜಾನ್ 2015ರಲ್ಲೇ ಅಮೆಜಾನ್ ಬಿಸಿನೆಸ್ ಶುರು ಮಾಡಿತು. ಇಂಥ ಖಾತೆ ತೆರೆಯುವಾಗ ಮನೆಯ ಇಮೇಲ್ ಕೊಡಬೇಡಿ. ಕೊಟ್ಟರೆ ಹಳೆಯ ಖಾತೆಯನ್ನೇ ವ್ಯಾಪಾರದ್ದಾಗಿ ಬದಲಾಯಿಸುವ ಆಯ್ಕೆ ಬರಬಹುದು, ಅವಸರದಲ್ಲಿ ಒಪ್ಪಿಕೊಂಡರೆ ಮನೆಯ ಹಳೆಯ ಆರ್ಡರುಗಳೆಲ್ಲ ಅದರೊಳಗೇ ಬಂದು ಮತ್ತೆ ಕಲಸುಮೇಲೋಗರ. ಹೊಸ ಖಾತೆಯಲ್ಲಿ ಮೊದಲ ಆರ್ಡರ್ ಹಾಕುವ ಮೊದಲೇ ವ್ಯಾಪಾರದ ಹೆಸರು, ತೆರಿಗೆ ನೋಂದಣಿ ಸಂಖ್ಯೆ ಇದ್ದರೆ ಅದು, ಎರಡನ್ನೂ ತುಂಬಿ. ಬಿಲ್ ಒಮ್ಮೆ ನಿಮ್ಮ ಸ್ವಂತ ಹೆಸರಿಗೆ ಆದ ಮೇಲೆ ಬದಲಾಯಿಸಿಕೊಡಿ ಅಂತ ಕೇಳಿಕೊಂಡು ಓಡಾಡುವುದು ಸುಮ್ನೆ ತಲೆನೋವು, ಎಷ್ಟೋ ಕಡೆ ಮಾಡಿಕೊಡುವುದೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆಯನ್ನೇ ಎಲ್ಲರೂ ಬಿಡುತ್ತಾರೆ. ಕೆಲಸದ ಖಾತೆಯಲ್ಲಿ ಮನೆಯ ಕಾರ್ಡ್ ಇರಲೇಬಾರದು, ಮನೆಯ ಖಾತೆಯಲ್ಲಿ ಕೆಲಸದ ಕಾರ್ಡ್ ಇರಲೇಬಾರದು. ಇದ್ದರೆ ಈಗಲೇ ಅಳಿಸಿ. ಒಂದು ಕಾರ್ಡ್ ಫೇಲ್ ಆದರೆ ಖಾತೆಯಲ್ಲಿರುವ ಇನ್ನೊಂದರಿಂದ ದುಡ್ಡು ಎಳೆದುಕೊಳ್ಳುವ ವ್ಯವಸ್ಥೆ ಕೆಲವು ತಾಣಗಳಲ್ಲಿದೆ, ಚಂದಾ ಕಟ್ಟುವ ವಿಷಯದಲ್ಲಂತೂ ಇದು ನಿಮ್ಮ ಗಮನಕ್ಕೇ ಬರುವುದಿಲ್ಲ. ಬ್ರೌಸರಿನಲ್ಲಿ ಸೇವ್ ಆಗಿರುವ ಕಾರ್ಡುಗಳನ್ನೂ ನೋಡಿ. ಕ್ರೋಮ್‌ನಲ್ಲಿ ಕೆಲಸಕ್ಕೆ ಬೇರೆ ಪ್ರೊಫೈಲ್ ಮಾಡಿದರೆ ಪಾಸ್‌ವರ್ಡ್, ಬುಕ್‌ಮಾರ್ಕ್ ಎಲ್ಲ ಬೇರೆ ಬೇರೆಯಾಗಿ ಉಳಿಯುತ್ತದೆ. ಅದಕ್ಕೆ ಎದ್ದು ಕಾಣುವ ಬಣ್ಣ ಕೊಡಿ, ನನ್ನದು ಕಿತ್ತಳೆ. ಫೈರ್‌ಫಾಕ್ಸ್ ಬಳಸುವವರಿಗೆ ಮಲ್ಟಿ ಅಕೌಂಟ್ ಕಂಟೇನರ್ಸ್ ಅನ್ನುವ ಆಡ್‌ಆನ್ ಇದೆ, ಒಂದೇ ಕಿಟಕಿಯಲ್ಲಿ ಒಂದು ಟ್ಯಾಬ್ ಮನೆಯ ಲಾಗಿನ್, ಪಕ್ಕದ ಟ್ಯಾಬ್ ಕೆಲಸದ ಲಾಗಿನ್, ಎರಡಕ್ಕೂ ಬೇರೆ ಬಣ್ಣ. ಫೋನಿನಲ್ಲಿ ನನ್ನ ಉಪಾಯ ಇನ್ನೂ ಸುಲಭ: ಆ್ಯಪ್ ಮನೆಗೆ, ಬ್ರೌಸರ್ ಕೆಲಸಕ್ಕೆ. ಎರಡು ತೆರೆದಾಗ ಕಾಣುವುದೇ ಬೇರೆ ಥರ, ಹಾಗಾಗಿ ನಿದ್ದೆಗಣ್ಣಿನಲ್ಲೂ ಗೊತ್ತಾಗುತ್ತದೆ.

ಆರ್ಡರ್ ಹಾಕುವಾಗ ಯಾವ ಕೆಲಸಕ್ಕೆ ಅಂತ ಅಲ್ಲೇ ಬರೆದುಬಿಡಿ. ಉಲ್ಲೇಖ ಸಂಖ್ಯೆ ಬರೆಯಲು ಜಾಗ ಇದ್ದರೆ ಅಲ್ಲಿ, ಇಲ್ಲದಿದ್ದರೆ ಡೆಲಿವರಿ ವಿಳಾಸದಲ್ಲಿ ಹೆಸರಿನ ಪಕ್ಕ "ಬಾತ್‌ರೂಮ್ ಕೆಲಸ 3" ಅಂತ ಸೇರಿಸಿ. ಪಾರ್ಸೆಲ್ ಮೇಲಿನ ಚೀಟಿಯಲ್ಲೂ ಅದೇ ಬರುತ್ತದೆ, ಬಿಚ್ಚುವ ಮೊದಲೇ ಯಾವ ಸೈಟಿಗೆ ಅಂತ ಹುಡುಗರಿಗೆ ಗೊತ್ತಾಗುತ್ತದೆ.

ಬಿಲ್ ವಿಷಯ. ಆರ್ಡರ್ ಆಯಿತು ಅಂತ ಬರುವ ಮೇಲ್ ಬಿಲ್ ಆಗುವುದಿಲ್ಲ. ಬೇರೆ ಬೇರೆ ಮಾರಾಟಗಾರರಿರುವ ತಾಣದಲ್ಲಿ ನಿಜವಾದ ಬಿಲ್ ಕೊಡುವುದು ಆ ಮಾರಾಟಗಾರರು, ಹೆಚ್ಚಾಗಿ ಸಾಮಾನು ಹೊರಟ ಮೇಲೆ. ಆಗ ಪಿಡಿಎಫ್ ಇಳಿಸಿಕೊಂಡು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರು ಕೊಡಿ, ಹಿಂದೆ ಕೆಲಸದ ಹೆಸರು. 2025-03-14 ಅಂತ ಶುರುವಾದರೆ ಫೋಲ್ಡರಿನಲ್ಲಿ ತಾವಾಗಿಯೇ ಸಾಲಾಗಿ ಕೂರುತ್ತವೆ. ಇನ್ನೊಂದು, ಒಂದು ಆರ್ಡರಿನ ಸಾಮಾನು ಮೂರು ಪಾರ್ಸೆಲ್ಲಾಗಿ ಬಂದರೆ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಮೂರು ಸಾಲು ಬರಬಹುದು, ಒಂದೂ ಆರ್ಡರಿನ ಒಟ್ಟು ಮೊತ್ತಕ್ಕೆ ಹೊಂದುವುದಿಲ್ಲ. ನಾನು ಇದಕ್ಕೆ ಒಂದು ಸಂಜೆಯೆಲ್ಲ ಹಾಳು ಮಾಡಿದ್ದೇನೆ. ಆರ್ಡರ್ ನಂಬರ್ ಹಿಡಿದು ಹೊಂದಿಸಿ, ಮೊತ್ತ ಹಿಡಿದು ಹುಡುಕಬೇಡಿ. ಪಾಯಿಂಟ್ ಅಥವಾ ಕೂಪನ್ ಬಳಸಿದ್ದರೆ ಕೈಯಿಂದ ಹೋದ ದುಡ್ಡನ್ನಷ್ಟೇ ಖರ್ಚಿಗೆ ಬರೆಯಿರಿ.

ಇಷ್ಟೆಲ್ಲ ಮಾಡಿದರೂ ಒಂದೊಂದು ಸಲ ಕೈ ತಪ್ಪುತ್ತದೆ. ಸೈಟಿನ ಸ್ಕ್ರೂ ಮನೆಯ ಕಾರ್ಡಿನಲ್ಲಿ ಬಂದರೆ ಗಾಬರಿ ಬೇಡ. ಬಿಲ್ ಇಟ್ಟುಕೊಳ್ಳಿ, ಅಷ್ಟೇ ಮೊತ್ತವನ್ನು ಕೆಲಸದ ಖಾತೆಯಿಂದ ನಿಮ್ಮ ಖಾತೆಗೆ ಹಾಕಿ, ವಿವರದಲ್ಲಿ ಆರ್ಡರ್ ನಂಬರ್ ಬರೆಯಿರಿ. ಒಂದು ಬಿಲ್ಲಿಗೆ ಒಂದು ವರ್ಗಾವಣೆ, ನಾಲ್ಕನ್ನು ಸೇರಿಸಿ ರೌಂಡ್ ಮಾಡಿ ಹಾಕಬೇಡಿ. ಉಲ್ಟಾ ಆದರೆ, ಅಂದರೆ ಮನೆಯ ಸಾಮಾನಿಗೆ ಕೆಲಸದ ದುಡ್ಡು ಹೋದರೆ, ಅದೇ ವಾರ ವಾಪಸ್ ಕಟ್ಟಿ. ಸಾಮಾನು ಹಿಂತಿರುಗಿಸಿದರೆ ದುಡ್ಡು ಸಾಮಾನ್ಯವಾಗಿ ಕೊಟ್ಟ ಕಾರ್ಡಿಗೇ ಹಿಂದೆ ಬರುತ್ತದೆ, ಆದ್ದರಿಂದ ಮನೆಯ ಕಾರ್ಡಿನಿಂದ ಕೊಂಡು ಆಗಲೇ ಕೆಲಸದ ಖಾತೆಯಿಂದ ತುಂಬಿಸಿಕೊಂಡಿದ್ದರೆ ಆ ದುಡ್ಡನ್ನು ಮರೆಯದೆ ಕೆಲಸದ ಖಾತೆಗೆ ಹಿಂದಿರುಗಿಸಬೇಕು.

ಸೈಟಿಗೂ ಮನೆಗೂ ಬಳಸುವ ಡ್ರಿಲ್, ಲ್ಯಾಪ್‌ಟಾಪ್ ಇಂಥವು ಕಷ್ಟದವು. ಎಷ್ಟು ಪಾಲು ಕೆಲಸದ್ದು ಅಂತ ಕೊಂಡ ದಿನವೇ ಬಿಲ್ ಮೇಲೆ ಬರೆಯಿರಿ, ಕಾರಣವನ್ನೂ ಬರೆಯಿರಿ, ನಿಯಮ ಏನು ಹೇಳುತ್ತದೆ ಅಂತ ಲೆಕ್ಕ ನೋಡುವವರನ್ನು ಕೇಳಿ. ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ಗ್ರಾಹಕರಿಗೆ ಕೊಡುವ ಕೆಲವು ಹಕ್ಕುಗಳು, ಉದಾಹರಣೆಗೆ ಕಾರಣ ಹೇಳದೆ ಹಿಂತಿರುಗಿಸುವುದು, ಹಲವು ದೇಶಗಳಲ್ಲಿ ಸ್ವಂತ ಬಳಕೆಗೆ ಕೊಂಡವರಿಗೆ ಮಾತ್ರ. ಮನೆ ಬಳಕೆಯ ದರ್ಜೆಯ ಟೂಲ್‌ಗಳ ವಾರಂಟಿಯಲ್ಲೂ ವೃತ್ತಿಗೆ ಬಳಸಿದರೆ ವಾರಂಟಿ ಇಲ್ಲ ಅಂತ ಬರೆದಿರುವುದುಂಟು. ಹಾಗಂತ ಕೆಲಸದ ಟೂಲನ್ನು ಮನೆಯ ಖಾತೆಯಲ್ಲಿ ಕೊಳ್ಳಬೇಡಿ, ಕೊಳ್ಳುವ ಮೊದಲು ವಾರಂಟಿ ಓದಿ, ವೃತ್ತಿಪರರಿಗೆಂದು ಮಾಡಿದ್ದನ್ನೇ ತೆಗೆದುಕೊಳ್ಳಿ.

ಹಳೆಯ ಆರ್ಡರುಗಳನ್ನೆಲ್ಲ ಅಗೆಯಲು ಹೋಗಬೇಡಿ, ಎರಡೇ ದಿನಕ್ಕೆ ಬೇಸರವಾಗಿ ಎಲ್ಲ ಬಿಟ್ಟುಬಿಡುತ್ತೀರಿ. ಲೆಕ್ಕ ಇನ್ನೂ ಕೊಡದ ಈ ವರ್ಷದ್ದು ಮಾತ್ರ ಸಾಕು. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಇತ್ತೀಚಿನದರಿಂದ ಹಿಂದಕ್ಕೆ ಹೋಗಿ, ನೆನಪು ಹಸಿಯಾಗಿರುವುದು ಅಲ್ಲೇ ಅಲ್ವಾ. ಮುಂದಕ್ಕೆ ವಾರಕ್ಕೊಮ್ಮೆ ಹತ್ತು ನಿಮಿಷ ಸಾಕಾಗುತ್ತದೆ.

ಕೊನೆಗೆ ಮನೆಯವರ ಜೊತೆ ಕೂತು ಮಾತಾಡಿ. ಕೆಲಸದ ಖಾತೆಯಲ್ಲಿ ಬೆಲೆ ಕಡಿಮೆ ಕಾಣಿಸಿದರೂ ಅದರಿಂದ ಮನೆಗೆ ಏನೂ ತರಿಸಬಾರದು ಅಂತ ಹೇಳಿ. ಮಕ್ಕಳ ಟ್ಯಾಬಿನಲ್ಲಿ, ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಲಾಗಿನ್ ಉಳಿದಿದ್ದರೆ ತೆಗೆದುಹಾಕಿ, ಪಾಸ್‌ವರ್ಡ್ ಕೂಡ ಬದಲಾಯಿಸಿ.